ಚೀಟಿ ಬರೆಯದ ಡಾಕ್ಟರು

ಎರಡೂ ಅಂಗೈಗಳನ್ನು ಪರಪರ ಉಜ್ಜಿ ಬಿಸಿ ಮಾಡಿಕೊಳ್ಳದೆ ಅವರು ಯಾವ ಮಗುವಿನ ಎದೆಯನ್ನೂ ಮುಟ್ಟುತ್ತಿರಲಿಲ್ಲ. ಜಪಾನಿನ ಈ ಉರಯಾಸು ಊರಿನ ಬೇಸಿಗೆಯ ಬೆವರಿನಲ್ಲೂ ಅಷ್ಟೇ. ಬುಡದವರೆಗೆ ಕತ್ತರಿಸಿದ ಉಗುರು, ಮೊಣಕೈಯತ್ತ ಸರಿಸಿದ ಬಳೆ. ಅತ್ತು ರಂಪ ಮಾಡುವ ನಮ್ಮ ಮಕ್ಕಳು ಆ ಕೈ ಸೋಕಿದರೆ ಸುಮ್ಮನಾಗುತ್ತಿದ್ದವು.

ಮೇಲಿನ ಮನೆಯ ಈ ಅಕ್ಕ ಹುಬ್ಬಳ್ಳಿಯಲ್ಲಿ ಮಕ್ಕಳ ಡಾಕ್ಟರಾಗಿದ್ದವರು. ಗಂಡನನ್ನು ಕಂಪನಿ ಜಪಾನಿಗೆ ಕಳಿಸಿದಾಗ ಜೊತೆಗೆ ಬಂದರು. ಇಲ್ಲಿನ ಪರೀಕ್ಷೆ ಪಾಸು ಮಾಡದೆ ಇಲ್ಲಿ ಔಷಧಿ ಬರೆಯುವಂತಿಲ್ಲ. ಅವರು ಬರೆಯಲೂ ಇಲ್ಲ, ಆದರೆ ಸುಮ್ಮನೆ ಕೂರಲೂ ಇಲ್ಲ.

ನಮ್ಮ ಬಿಲ್ಡಿಂಗಿನ ಕನ್ನಡದ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಊರಿಗೆ ಹೋದವರು ಚಟ್ನಿಪುಡಿ, ಹುಣಸೆಹಣ್ಣಿನ ನಡುವೆ ಆಂಟಿಬಯಾಟಿಕ್ ಮಾತ್ರೆ, ಮಕ್ಕಳ ಸಿರಪ್ಪು ತುರುಕಿಕೊಂಡು ಬರುವುದು, ಯಾರ ಮನೆಯಲ್ಲಿ ಕೆಮ್ಮು ಕೇಳಿಸಿದರೂ ಪ್ರಸಾದದ ಹಾಗೆ ಹಂಚುವುದು. ಇಲ್ಲಿನ ಡಾಕ್ಟರು ನೆಗಡಿ, ಕಾದು ನೋಡೋಣ ಅಂದರೆ ನಮಗೆ ಸಮಾಧಾನವಿಲ್ಲ. ಊರ ಸಿರಪ್ಪನ್ನು ಎಷ್ಟು ಹಾಕಲಿ ಎಂದು ಅಕ್ಕನಿಗೆ ಫೋನು ಹೋಗುತ್ತಿತ್ತು.

"ನನಗ ಇಲ್ಲಿ ಬರಿಯೋ ಹಕ್ಕಿಲ್ಲವ್ವಾ, ನೋಡೋ ಹಕ್ಕೈತಿ" ಎಂದು ಅಕ್ಕ ಚಪ್ಪಲಿ ಮೆಟ್ಟಿ ಇಳಿದು ಬಂದೇ ಬಿಡುತ್ತಿದ್ದರು. ಅಂಗಿ ಎತ್ತಿ, ಉಸಿರಿಗೆ ಪಕ್ಕೆ ಒಳಗೆ ಸೆಳೆಯುತ್ತಿದೆಯೇ ನೋಡುವರು. ಹಾಲು ಕುಡಿಯುತ್ತಿದೆಯೇ, ಆಡುತ್ತಿದೆಯೇ ಎಂದು ಕೇಳುವರು. "ಇದು ವೈರಸ್ಸಿಂದು. ಆ ಬಾಟ್ಲಿ ಇದನ್ನ ಕೊಲ್ಲಂಗಿಲ್ಲ, ಕೂಸಿನ ಹೊಟ್ಟಿ ಕೆಡಸ್ತೈತಿ ಅಷ್ಟ." ಸಂಜೆ ಯಾರೂ ಕರೆಯದೆ ಮತ್ತೆ ಬಂದು ನೋಡಿ ಹೋಗುವರು. ಒಂದು ಹನಿ ಔಷಧಿ ಹೇಳದವರಿಗೆ ಎಂಥ ಜಂಬ ಎಂದು ಬೆನ್ನ ಹಿಂದೆ ಆಡಿಕೊಂಡವರೂ ಇದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಮರುದಿನ ಅದೇ ಮನೆಗೆ ಹೋಗಿ ಮಗುವಿನ ಎದೆ ನೋಡಿದರು.

ನಾನು ಅಕ್ಕನ ಪಕ್ಷ. ಬಸುರಿಯಾದ ಮೇಲಂತೂ ಹೊಸತರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ, ಕಂಡವರಿಗೆಲ್ಲ ಆಂಟಿಬಯಾಟಿಕ್ ವಿಷವೆಂದು ಉಪದೇಶ ಮಾಡುತ್ತಿದ್ದೆ. ಅಕ್ಕ ಹಾಗೆಂದು ಯಾವತ್ತೂ ಹೇಳಿರಲಿಲ್ಲ.

ಎಂಟನೇ ತಿಂಗಳಲ್ಲಿ ನನಗೇ ಕೆಮ್ಮು ಹಿಡಿಯಿತು. ಮೊದಲು ನೋಡಿದಾಗ ಅಕ್ಕ ಕಾಯೋಣ ಅಂದರು. ಆಮೇಲೆ ಒಂದು ಬೆಳಿಗ್ಗೆ ಜ್ವರ ಏರಿತು. ಅಕ್ಕ ಎದುರಿಗೆ ಕೂತು, "ಮೈಸೂರಾಗ ಮನಿಯಿಂದ ಕಾಲೇಜಿಗೆ ಹೆಂಗ ಹೋಗ್ತಿದ್ದಿ, ಹೇಳು" ಅಂದರು. ಎಂಥ ಹೊತ್ತಿನಲ್ಲಿ ಎಂಥ ಪ್ರಶ್ನೆ ಅಂದುಕೊಂಡೇ ಶುರುಮಾಡಿದೆ. ಮಾತಿನಲ್ಲಿ ನಮ್ಮ ಬೀದಿ ದಾಟುವಷ್ಟರಲ್ಲೇ ಉಸಿರು ಸಾಲದೆ ಮಾತು ನಿಂತಿತು. ಅಕ್ಕ ಎದ್ದರು.

"ಇದಕ್ಕ ಕಾಯೂದು ಬ್ಯಾಡ. ನಿನ್ನ ಗಂಡಗ ಟ್ಯಾಕ್ಸಿ ಕರಿಯಾಕ ಹೇಳು."

ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ನಿಮೋನಿಯಾ ಎಂದರು. ಈಗಲೇ ಡ್ರಿಪ್ಪಿನಲ್ಲಿ ಆಂಟಿಬಯಾಟಿಕ್ ಕೊಡಬೇಕು. ನಾನು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡೆ. "ಬೇಡ. ಹೊಟ್ಟೇಲಿ ಮಗು ಇದೆ. ಅಕ್ಕ, ನೀವೇ ಬೇಡ ಅಂತಿದ್ರಲ್ಲ."

ಅಕ್ಕ ಸಿಟ್ಟಾದದ್ದನ್ನು ನಾನು ನೋಡಿದ್ದು ಅವತ್ತೇ.

"ಬ್ಯಾಡಾದಲ್ಲಿ ಬ್ಯಾಡ ಅಂದೆ. ಬೇಕಾದಲ್ಲಿ ಬ್ಯಾಡ ಅಂದ್ರ ಅದು ಶಾಣ್ಯಾತನ ಅಲ್ಲ, ಹಠ. ನಿನಗ ಉಸಿರು ಸಾಲದಿದ್ರ ಕೂಸಿಗೆಲ್ಲಿಂದ ಬರಬೇಕು?"

ಆಮೇಲೆ ತಮ್ಮ ಮುರುಕು ಜಪಾನಿಯಲ್ಲಿ ಡಾಕ್ಟರ ಹತ್ತಿರ ಔಷಧಿಯ ಹೆಸರು ಕೇಳಿ ತಿಳಿದರು. ಪೆನಿಸಿಲಿನ್ ಜಾತಿಯದು. ಹಿಂದೆ ಅದನ್ನು ತಗೊಂಡಾಗ ಮೈಮೇಲೆ ಏನಾದರೂ ಎದ್ದಿತ್ತೇ ಎಂದು ನನ್ನನ್ನು ವಿಚಾರಿಸಿದರು. ಇಲ್ಲ ಅಂದೆ. "ಬಸುರ್ಯಾರಿಗೆ ಭಾಳ ವರ್ಷದಿಂದ ಕೊಟ್ಟು ನೋಡಿದ್ದೈತಿ ಇದು. ಕೈ ಚಾಚು." ಚಾಚಿದೆ. ಡ್ರಿಪ್ ಮುಗಿಯುವವರೆಗೂ ಅಕ್ಕನ ಬಿಸಿ ಅಂಗೈ ನನ್ನ ಹೊಟ್ಟೆಯ ಮೇಲಿತ್ತು. ನಡುವೆ ಮಗು ಒದೆಯಿತು. ಅಕ್ಕ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು.

ಅಕ್ಕ ಮನೆಗೆ ಹೊರಡುವಾಗ ಡಾಕ್ಟರು ಅವರಿಗೆ ತಲೆಬಾಗಿ, ತಡಮಾಡದೆ ಕರೆತಂದಿರಿ ಎಂದರು. ಉಸಿರಿಗೆ ಒದ್ದಾಡುತ್ತಿದ್ದ ನನ್ನ ಎದೆಯೂ ಹೆಮ್ಮೆಯಿಂದ ಉಬ್ಬಿತು. ನಮ್ಮ ಅಕ್ಕ ಅಂತ ಆ ವಾರ್ಡಿನ ನರ್ಸುಗಳಿಗೆಲ್ಲ ಹೇಳಿದೆ, ಅವರಿಗೆ ಅರ್ಥವಾಗದಿದ್ದರೂ.

ಮಗಳು ದಿನ ತುಂಬಿಯೇ ಹುಟ್ಟಿದಳು. ಅಕ್ಕ ಹುಬ್ಬಳ್ಳಿಗೆ ಮರಳಿ, ಈಗ ಮಕ್ಕಳ ವಾರ್ಡು ನೋಡಿಕೊಳ್ಳುತ್ತಾರೆ. ಮೊನ್ನೆ ಮಗಳಿಗೆ ಕೆಮ್ಮು ಬಂದಾಗ ಫೋನು ಮಾಡಿದೆ. "ಆಡಾಕತ್ತಾಳಿಲ್ಲೋ? ಹಂಗಾರ ಬಿಡು. ಇಲ್ಲಿ ಕೂಸುಗಳು ಕಾಯಾಕತ್ತಾವು" ಎಂದು ಫೋನಿಟ್ಟೇಬಿಟ್ಟರು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಮುನಿಸಿಕೊಳ್ಳುತ್ತಿದ್ದೆ. ಅಕ್ಕ ಮಾಡಿದಾಗ ಫೋನು ಹಿಡಿದುಕೊಂಡೇ ನಕ್ಕೆ.

"ಅಮ್ಮ, ದಾರೆ?" ಯಾರು ಅದು ಎಂದು ಮಗಳು ಜಪಾನಿಯಲ್ಲಿ ಕೇಳಿದಳು.

"ನಾನು ಔಷಧಿ ಬೇಡ ಅಂದಾಗ, ನಿನಗೆ ಬೇಕು ಅಂದವರು" ಎಂದೆ.