ಹಿಂದೆ ನಿಂತವರ ಮುಖ

ಹಗರಿಬೊಮ್ಮನಹಳ್ಳಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಪಾಲಾಕ್ಷಪ್ಪ ತಾವು ಕೆಲಸಕ್ಕಿರುವ ಫೋಟೊ ಸ್ಟುಡಿಯೊದ ಬಾಗಿಲನ್ನು ಅರ್ಧ ಎತ್ತಿ, ಕೊಟ್ಟೂರೇಶ್ವರನ ಪಟಕ್ಕೆ ಊದುಬತ್ತಿ ಬೆಳಗಿ, ಹಣೆಗೆ ವಿಭೂತಿ ಧರಿಸಿ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಪರದೆಯ ಮೇಲೆ ಅರಸೀಕೆರೆಯ ಹುಡುಗಿಯೊಬ್ಬಳ ನಿಶ್ಚಿತಾರ್ಥದ ಪಟ. ಅವಳ ಹಿಂದೆ ನೀರಿನ ಡ್ರಮ್ಮು, ತಂತಿಯ ಮೇಲೆ ಒಣಹಾಕಿದ ಟವೆಲ್ಲು. ಮೌಸು ಹಿಡಿದ ಕೈ ಹುಡುಗಿಯ ಕೂದಲಿನ ಅಂಚನ್ನು ನಿಧಾನವಾಗಿ ಸುತ್ತಿ ಬರುತ್ತದೆ. ಹಿಂದಿನದೆಲ್ಲ ಮಂಜು ಕವಿದಂತೆ ಮಸುಕಾಗುತ್ತದೆ.

"ಕಂಪ್ಯೂಟರು ತಾನ ಮಾಡ್ತೈತ್ರಿ. ಆದ್ರ ಕೂದಲು ಯಾವುದು, ತಂತಿ ಯಾವುದು ಅದಕ್ಕ ತಿಳಿಯಂಗಿಲ್ಲ. ನಾವ ಹೇಳಿಕೊಡಬೇಕು."

ರೀಲು ತೊಳೆಯುವ ಕತ್ತಲ ಕೋಣೆಗೆ ಹುಡುಗನಾಗಿ ಸೇರಿದವರು. ರೀಲಿನ ಕಾಲ ಮುಗಿದಾಗ ಈ ವಿದ್ಯೆಯನ್ನು ತಾವೇ ಕಲಿತರು. ಮದುವೆಯ ಕಾಲದಲ್ಲಿ ದಿನಕ್ಕೆ ಇನ್ನೂರು ಪಟ. ಸಂಜೆಗೆ ಕಣ್ಣಲ್ಲಿ ನೀರು. ಆಲ್ಬಮ್ಮಿನ ಮೇಲೆ ಅಚ್ಚಾಗುವುದು ಮಾಲೀಕರ ಹೆಸರು.

ಎರಡು ವರ್ಷದ ಕೆಳಗೆ ಹಂಪಸಾಗರದ ಗೀತಮ್ಮ ಬಂದಳು. ಮದುವೆ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದ ಅವಳ ತಾಯಿ ಪಕ್ಕೀರಮ್ಮ ತೀರಿಕೊಂಡಿದ್ದಳು.

"ಅಣ್ಣಾರ, ಸಾವುಕಾರ್ರ ಮಗಳ ಮದುವ್ಯಾಗ ಅವ್ವ ಮದುಮಗಳ ಹಿಂದ ನಿಂತು ನಗಾಕತ್ತಿದ್ಲು. ನಾನ ನೋಡೀನಿ. ಆ ಮುಖ ಕೊಡ್ರಿ. ಆಧಾರ್ ಕಾರ್ಡಿಂದು ಬ್ಯಾಡ, ಅದ್ರಾಗ ಅವ್ವ ಬೆದರಿಕೊಂಡಾಳ."

ಪಾಲಾಕ್ಷಪ್ಪನವರಿಗೆ ನೆನಪಾಯಿತು. "ಹಿಂದಿನಾಕಿ ಕಾಣಬಾರದು" ಎಂದಿದ್ದರು ಮದುವೆಯವರು. ಅವರು ಹೇಳಿದಂತೆ ಪಾಲಾಕ್ಷಪ್ಪ ಮಸುಕು ಮಾಡಿ, ಅದನ್ನು ಮೂಲ ಪಟದ ಮೇಲೆಯೇ ಸೇವ್ ಮಾಡಿಬಿಟ್ಟಿದ್ದರು; ಮೂಲ ಅಳಿಸಿಹೋಗಿತ್ತು. ತೆರೆದು ನೋಡಿದರೆ ಒಂದು ಹಸಿರು ಸೀರೆ. ಅದರ ಮೇಲೆ, ಮುಖವಿರಬೇಕಾದಲ್ಲಿ, ಕಂದು ಬಣ್ಣದ ಕಲೆ.

"ಮಸುಕು ಮಾಡಾಕ ಬರ್ತೈತಿ ತಾಯಿ. ಹೋದ ಮುಖ ತಿರುಗಿ ತರಾಕ ಬರಂಗಿಲ್ಲ."

ಗೀತಮ್ಮ ಆ ಕಲೆಯ ಮೇಲೆ ಬೆರಳಿಟ್ಟಳು. "ಸೆರಗು ಸೊಂಟಕ್ಕ ಸಿಗಿಸ್ಯಾಳ ನೋಡ್ರಿ, ಈಕಿ ಅವ್ವನ ಹೌದು. ಇಷ್ಟ ಕೊಡ್ರಿ."

ಅಷ್ಟನ್ನೇ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಟ್ಟರು. ಅಂಗಡಿಯಲ್ಲೇ ಅವಳು ಅದಕ್ಕೆ ಕೈ ಮುಗಿದಳು.

"ಬೈದಿದ್ರ ತಡಕೊಂತಿದ್ದೆ. ಕೈ ಮುಗಿದದ್ದು ತಡಕೊಳ್ಳಾಕ ಆಗಲಿಲ್ರಿ," ಎನ್ನುತ್ತಾರೆ ಪಾಲಾಕ್ಷಪ್ಪ.

ಅಂದಿನಿಂದ ಯಾವ ಮದುವೆಯ ಮೂಲ ಪಟವನ್ನೂ ಅವರು ಅಳಿಸಿಲ್ಲ. ಮದುವೆಯಿದ್ದ ಬೆಳಿಗ್ಗೆ ಮಂಟಪದೊಳಗೆ ಹೋಗುವ ಮೊದಲು, ಪಾತ್ರೆ ತೊಳೆಯುವವರಿರುವ ಹಿತ್ತಲಿಗೆ ಕ್ಯಾಮೆರಾ ಹಿಡಿದು ಹೋಗುತ್ತಾರೆ. ಇವತ್ತು ಕಲ್ಯಾಣ ಮಂಟಪದ ನಲ್ಲಿಯ ಬಳಿ ಹುಲುಗಮ್ಮ ಕೊಪ್ಪರಿಗೆ ಉಜ್ಜುತ್ತಿದ್ದಾಳೆ. ಅರವತ್ತು ದಾಟಿದ ಮುದುಕಿ.

"ಯಾಕಲೇ ತಮ್ಮಾ, ನನಗೇನು ಗಂಡು ನೋಡಾಕತ್ತೀಯೇನು?"

"ಹೂಂ ಬೇ, ಫೋಟೊ ಕೇಳ್ಯಾರ. ತಲಿ ಎತ್ತು."

ಸುತ್ತಲಿನ ಹೆಂಗಸರು ಹೋ ಎಂದು ನಗುತ್ತಾರೆ. ನೊರೆಗೈಯಿಂದಲೇ ಸೆರಗು ಸರಿಮಾಡಿಕೊಂಡು ಹುಲುಗಮ್ಮನೂ ನಗುತ್ತಾಳೆ. ಪಾಲಾಕ್ಷಪ್ಪ ಕ್ಲಿಕ್ಕಿಸುತ್ತಾರೆ.

ಈ ಪಟಗಳನ್ನು ಇದುವರೆಗೆ ಯಾರೂ ಕೇಳಿ ಬಂದಿಲ್ಲ.

"ಬರೋದು ಬ್ಯಾಡ್ರಿ, ಬಂದ್ರ ಯಾರೋ ತೀರಿಕೊಂಡಂಗ. ಶಿವನ ಹಂತ್ಯಾಕ ಅದನ್ನ ಬೇಡಿಕೊಂತೀನಿ," ಎನ್ನುತ್ತಾರೆ ಪಾಲಾಕ್ಷಪ್ಪ. "ಬಂದ ದಿನ ಮಾತ್ರ, ಮುಖ ಇರಬೇಕು."