ಅಪ್ಪನ ಸೈಡ್ ಬಾಕ್ಸಿಗೆ ಹೊಸ ಬಣ್ಣ

‘ಮನಿ ದೇವ್ರು ಯಾರ್ರಿ ಸರ್ ನಿಮ್ಮದು?’

ಕೇಳಿದ್ದು ಪೂಜಾರಿಯಲ್ಲ, ಪೇಂಟರ್ ಬೀರಪ್ಪ. ರಾಯಚೂರಿನಲ್ಲಿ ಮಾನ್ವಿ ರಸ್ತೆಗೆ ಅವರ ಶೆಡ್ಡು, ಶೆಡ್ಡಿನ ಹಿಂದೆಯೇ ಮನೆ. ಬೈಕಿನ ಟ್ಯಾಂಕು, ಸೈಡ್ ಬಾಕ್ಸು ಏನು ಕೊಟ್ಟರೂ ಹಳೇ ಬಣ್ಣ ಉಜ್ಜಿ ತೆಗೆದು, ಹೊಸದು ಹೊಡೆದು, ಅದರ ಮೇಲೆ ಏರ್‌ಬ್ರಶ್ಶಿನಲ್ಲಿ ಬೇಕಾದ ಚಿತ್ರ ಬಿಡಿಸಿಕೊಡುತ್ತಾರೆ. ಹುಲಿ, ಹದ್ದು, ಬೆಂಕಿ, ದೇವರು. ದೇವರ ಆರ್ಡರೇ ಹೆಚ್ಚಂತೆ.

ಆ ಪ್ರಶ್ನೆಯ ಅರ್ಥ ನಿಮಗೂ ಗೊತ್ತು, ನನಗೂ ಗೊತ್ತು. ನೇರವಾಗಿ ಜಾತಿ ಕೇಳಿದರೆ ಚೆನ್ನಾಗಿರುವುದಿಲ್ಲ. (ನಾವು ಭಾರಿ ಸಭ್ಯರು.) ಅದಕ್ಕೇ ಯಾವೂರು, ಅಡ್ಡಹೆಸರೇನು, ಮನೆದೇವರು ಯಾರು ಎಂದು ಮೂರು ಸುತ್ತು ಹಾಕಿ ಅಲ್ಲಿಗೇ ಬಂದು ನಿಲ್ಲುತ್ತೇವೆ. ನಮ್ಮೂರಿನ ಬೈಕುಗಳನ್ನೇ ನೋಡಿ. ನಂಬರ್ ಪ್ಲೇಟ್ ಓದುವ ಮೊದಲೇ ಸವಾರನ ಜಾತಿ ಓದಿಬಿಡಬಹುದು.

ನಮ್ಮಜ್ಜ ಬಾಳಿದ್ದು ಊರ ಹೊರಗಿನ ಕೇರಿಯಲ್ಲಿ. ಅದನ್ನು ಪೇಂಟಿಂಗ್ ಶೆಡ್ಡಿನಲ್ಲಿ ನಿಂತು ಯಾಕೆ ಹೇಳಬೇಕು? ‘ದೇವರು ಬೇಡ, ಬರೀ ಕಪ್ಪು ಬಣ್ಣ ಸಾಕು’ ಎಂದು ಜಾರಿಕೊಂಡೆ. ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ, ಜಾರಿಕೊಳ್ಳುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ.

ಬಾಕ್ಸುಗಳು ಅಪ್ಪನವು. ಅಪ್ಪ ದನಗಳಿಗೆ ಲಸಿಕೆ ಹಾಕುವ ಕೆಲಸದಲ್ಲಿದ್ದರು. ದೇವದುರ್ಗ ತಾಲ್ಲೂಕಿನ ಹಳ್ಳಿಗಳನ್ನೆಲ್ಲ ಬೈಕಿನಲ್ಲೇ ಸುತ್ತಿದವರು. ಎಡಗಡೆಯ ತಗಡಿನ ಬಾಕ್ಸಿನಲ್ಲಿ ಐಸ್ ತುಂಬಿದ ಲಸಿಕೆಯ ಫ್ಲಾಸ್ಕು. ಬಲಗಡೆಯದರಲ್ಲಿ ರೊಟ್ಟಿ ಗಂಟು ಮತ್ತು ಒಂದು ಸ್ಟೀಲ್ ಗ್ಲಾಸು.

ಆ ಗ್ಲಾಸಿಲ್ಲದೆ ಅಪ್ಪ ಮನೆ ಬಿಟ್ಟದ್ದೇ ಇಲ್ಲ. ಕೇಳಿದರೆ ‘ಮಂದಿ ಗ್ಲಾಸು ನನಗ ಸೇರಂಗಿಲ್ಲ’ ಎನ್ನುತ್ತಿದ್ದರು. ರಾಯಚೂರಿನ ಕ್ವಾರ್ಟರ್ಸಿನಲ್ಲಿ ಬೆಳೆದ ನಾವು ಅವರಿಗೆ ‘ಮಡಿ ಸ್ವಾಮಿ’ ಎಂದು ಹೆಸರಿಟ್ಟಿದ್ದೆವು. ಅಪ್ಪನೂ ನಮ್ಮ ಜೊತೆ ನಗುತ್ತಿದ್ದರು. ಅವ್ವ ಮಾತ್ರ ನಗುತ್ತಿರಲಿಲ್ಲ. ಯಾಕೆ ಎಂದು ನಾವು ಕೇಳಲಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡರು. ಬೈಕು ನನಗೆ ಬಂತು. ಬಾಕ್ಸುಗಳಿಗೆ ತುಕ್ಕು ಹಿಡಿದಿತ್ತು. ಗ್ಲಾಸನ್ನು ತೆಗೆದು ಮನೆಯಲ್ಲಿಟ್ಟು, ಬಾಕ್ಸುಗಳನ್ನು ಬೀರಪ್ಪನವರ ಮುಂದಿಟ್ಟೆ.

ಕೆಲಸಗಾರ ಅಂದರೆ ಕೆಲಸಗಾರ. ತುಕ್ಕು ಕೆರೆದು, ಪುಟ್ಟಿ ಹಚ್ಚಿ, ನೀರು ಹಾಕಿ ಹಾಕಿ ಎಮರಿ ಪೇಪರ್‌ನಲ್ಲಿ ಉಜ್ಜಿ, ಆಮೇಲೆ ಸ್ಪ್ರೇ ಗನ್ನು ಕೈಗೆತ್ತಿಕೊಂಡರು. ಇಷ್ಟು ದೂರ ಯಾಕೆ ಹಿಡಿಯುತ್ತೀರಿ ಎಂದು ಕೇಳಿದ್ದಕ್ಕೆ ಬೆರಳು ಅಗಲಿಸಿ ತೋರಿಸಿದರು. ‘ಒಂದು ಗೇಣು ಇರಬೇಕ್ರಿ. ಹತ್ರ ಹಿಡಿದ್ರ ಸೋರತದ, ದೂರ ಹಿಡಿದ್ರ ಕೂಡಂಗಿಲ್ಲ.’ ಅವತ್ತು ಅವರ ಹೆಂಡತಿ ಒಳಗಿನಿಂದ ಇಬ್ಬರಿಗೂ ಸ್ಟೀಲ್ ಗ್ಲಾಸಿನಲ್ಲಿ ಚಹಾ ತಂದುಕೊಟ್ಟರು. ಒಂದೇ ಥರದ ಎರಡು ಗ್ಲಾಸು. ಕುಡಿದು ಬಂದೆ.

ಎರಡನೇ ಸಲ ಹೋದಾಗ ಬಲಗಡೆಯ ಬಾಕ್ಸಿನೊಳಗೆ ಬೆರಳು ಮಾಡಿ ತೋರಿಸಿದರು. ತಳದಲ್ಲಿ ದುಂಡಗೆ ಒಂದು ಗುರುತು. ಗ್ಲಾಸು ಕೂತೂ ಕೂತೂ ತಗಡೇ ಸವೆದಿತ್ತು. ಇದನ್ನೂ ಉಜ್ಜಿಬಿಡಲೇ, ಬಾಕ್ಸು ಯಾರದು ಎಂದು ಕೇಳಿದರು. ಇಷ್ಟು ಕೆಲಸ ಮಾಡುತ್ತಿರುವ ಮನುಷ್ಯ, ಇನ್ನೆಷ್ಟು ಜಾರಿಕೊಳ್ಳುವುದು? ಅಪ್ಪನ ಹೆಸರು ಹೇಳಿದೆ.

ಬೀರಪ್ಪನವರ ಮುಖ ಅರಳಿತು. ಅವರದು ದೇವದುರ್ಗ ತಾಲ್ಲೂಕಿನದೇ, ಗೂಗಲ್ ಎಂಬ ಊರಿನ ಹತ್ತಿರದ ಹಳ್ಳಿ, ಕುರಿ ದನ ಕಟ್ಟಿಕೊಂಡ ಮನೆ. ಅವರು ಸಣ್ಣವರಿದ್ದಾಗ ಹಟ್ಟಿಯ ಎತ್ತೊಂದು ಜ್ವರ ಬಂದು ಮಲಗಿತ್ತಂತೆ. ಅಪ್ಪ ಮೂರು ದಿನ ಓಡಾಡಿ, ಅದರ ಬಾಯಿಗೆ ತಾವೇ ಕೈ ಹಾಕಿ ಔಷಧಿ ಕುಡಿಸಿ ಬದುಕಿಸಿದರಂತೆ.

‘ನಮ್ಮವ್ವ ಚಾ ಮಾಡ್ತಿದ್ಲು. ಗ್ಲಾಸು ಅವ್ರೇ ತರ್ತಿದ್ರು, ಅವ್ರೇ ತೊಳಕೊಂಡು ಒಯ್ತಿದ್ರು. ಅವ್ವ ಮ್ಯಾಲಿಂದ ಹಾಕ್ತಿದ್ಲು. ಒಂದು ದಿನಾನೂ ಯಾರಿಗೂ ಮುಜುಗರ ಮಾಡ್ಲಿಲ್ರಿ. ಭಾಳ ತಿಳವಳಿಕಿ ಮನಷ್ಯಾರು.’

ಅದು ಹೊಗಳಿಕೆ! ನಿಜವಾದ, ಮನಸಾರೆ ಮಾಡಿದ ಹೊಗಳಿಕೆ. ಎತ್ತಿನ ಬಾಯೊಳಗೆ ಅಪ್ಪನ ಕೈ ಹೋಗಬಹುದಿತ್ತು, ಆ ಮನೆಯ ಗ್ಲಾಸಿಗೆ ಮಾತ್ರ ಆ ಕೈ ತಾಗಬಾರದಿತ್ತು. ಇಂಥ ಎಷ್ಟು ಅಂಗಳಗಳಲ್ಲಿ ಅಪ್ಪ ಗ್ಲಾಸು ಹಿಡಿದು ನಿಂತಿರಬೇಕು? ಸಂಜೆ ಮನೆಗೆ ಬಂದರೆ ನಾವು ಮಕ್ಕಳು ಮಡಿ ಸ್ವಾಮಿ ಎಂದು ಕುಣಿಯುತ್ತಿದ್ದೆವು. ಬೀರಪ್ಪನವರ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ಹೆಚ್ಚಿತ್ತು ಎಂದರೆ ನಂಬುತ್ತೀರಾ?

ಆ ಎತ್ತನ್ನೇ ಮುಚ್ಚಳದ ಮೇಲೆ ಬಿಡಿಸಿಕೊಡುತ್ತೇನೆ, ದುಡ್ಡು ಬೇಡ ಎಂದರು. ಆಗಲಿ ಎಂದೆ. ಒಳಗಿನ ಗುರುತನ್ನು ಮಾತ್ರ ಮುಟ್ಟಬೇಡಿ ಎಂದು ಎರಡು ಸಲ ಹೇಳಿ ಬಂದೆ.

ಹೋದ ಭಾನುವಾರ ಬಾಕ್ಸು ತರಲು ಹೋದೆ. ಗ್ಲಾಸನ್ನೂ ಚೀಲದಲ್ಲಿ ಒಯ್ದಿದ್ದೆ, ಅದರ ಜಾಗದಲ್ಲೇ ಇಡೋಣ ಎಂದು. ಎತ್ತು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಒದ್ದೆ ಮೂಗನ್ನು ಮುಟ್ಟಿ ನೋಡಬೇಕೆನಿಸಿತು. ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣು ತುಂಬಿತು. ಸಿಟ್ಟೂ ಸ್ವಲ್ಪ ಇಳಿಯಿತು. ಎಷ್ಟೋ ವರ್ಷದ ಹಿಂದಿನದು, ಹೋಗಲಿ ಬಿಡು ಎಂದುಕೊಂಡೆ.

ಆಗ ಒಳಗಿನಿಂದ ಚಹಾದ ಕೆಟಲು ಬಂತು. ಜೊತೆಗೆ ಒಂದು ಸ್ಟೀಲ್ ಗ್ಲಾಸು, ಒಂದು ಪೇಪರ್ ಕಪ್ಪು.

ಬೀರಪ್ಪನವರು ಪೇಪರ್ ಕಪ್ಪನ್ನು ನನ್ನ ಕಡೆ ಸರಿಸಿದರು. ‘ಹೊಸಾದು ಐತ್ರಿ ಸರ್, ಸ್ವಚ್ಛ ಇರ್ತದ. ನಿಮಗಂತನ ತರಿಸೀನಿ.’

ಚೀಲದಿಂದ ಅಪ್ಪನ ಗ್ಲಾಸು ತೆಗೆದು ಮುಂದೆ ಹಿಡಿದೆ. ಇದರಾಗ ಹಾಕ್ರಿ ಎಂದೆ. ಅವರು ಗ್ಲಾಸನ್ನು ನೋಡಿದರು, ಗುರುತು ಹಿಡಿದರು, ತಲೆ ತಗ್ಗಿಸಿದರು. ಆದರೂ ಕೆಟಲು ಎತ್ತಿ ಚಹಾ ಹಾಕಿದರು.

ಕೆಟಲಿನ ಬಾಯಿಗೂ ಅಪ್ಪನ ಗ್ಲಾಸಿಗೂ ನಡುವೆ ಸರಿಯಾಗಿ ಒಂದು ಗೇಣು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ.

ಇಷ್ಟು ಪಳಗಲು ಆ ಕೈಗೆ ಎಷ್ಟು ತಲೆಮಾರು ಬೇಕಾಗಿರಬಹುದು, ಹೇಳಿ?