ಹಗ್ಗ ನನ್ನ ಕೈಯಲ್ಲಿತ್ತು

ಇದು ನಡೆದದ್ದು. ಸುಳ್ಳು ಹೇಳುವ ಆಸೆ ಇದ್ದಿದ್ದರೆ ನನ್ನನ್ನು ನಾನೇ ಗಂಡುಗಲಿ ಮಾಡಿಕೊಂಡು ಹೇಳುತ್ತಿದ್ದೆ. ಅಂಥದೊಂದು ಸುಳ್ಳು ನಮ್ಮೂರಲ್ಲಿ ಒಂದು ವರ್ಷದಿಂದ ಓಡಾಡುತ್ತಲೇ ಇದೆ, ಅದನ್ನು ನಾನು ತಡೆದಿಲ್ಲ. ಇವತ್ತು ಬರೆಯುತ್ತಿರುವುದು ಖರೇ ಸಂಗತಿ. ಓದಿ ಮುಗಿಸಿ ನೀವು ನನಗೆ ಛೀ, ಥೂ ಅಂದರೂ ಸರಿ, ಕೇಳಿಸಿಕೊಳ್ಳುತ್ತೇನೆ.

ನನ್ನ ಹೆಸರು ಸುರೇಶ, ಊರು ಏಕಸಂಬಿ. ಹೋಟೆಲ್ ಕೆಲಸಕ್ಕೆಂದು ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪಕ್ಕೆ ಹೋದವನು, ಅಲ್ಲಿ ಸ್ಕೂಬಾ ಡೈವಿಂಗ್ ದೋಣಿಯೊಂದಕ್ಕೆ ಸೇರಿಕೊಂಡೆ. ಮೊದಮೊದಲು ಸಿಲಿಂಡರಿಗೆ ಗಾಳಿ ತುಂಬುವ ಕೆಲಸ. ಆಮೇಲಾಮೇಲೆ ನಾನೇ ಪ್ರವಾಸಿಗರನ್ನು ಕೆಳಗೆ ಕರೆದೊಯ್ಯುವಷ್ಟು ಪಳಗಿದೆ. ಹೀಗೆ ಆರು ವರ್ಷ ಕಳೆಯಿತು.

ದಡದಿಂದ ದೂರ, ಗಾಳಿಗೂ ಅಲೆಗೂ ಯಾವ ಮರೆಯೂ ಇಲ್ಲದ ಜಾಗದಲ್ಲಿ, ನೀರೊಳಗೇ ಒಂದು ಬಂಡೆಗುಡ್ಡ ನಿಂತಿತ್ತು. ಅದರ ನೆತ್ತಿಯೇ ಇಪ್ಪತ್ತೈದು ಮೀಟರ್ ಆಳದಲ್ಲಿ, ಬುಡ ಕಣ್ಣಿಗೆ ಕಾಣುತ್ತಿರಲಿಲ್ಲ. ಹೊಸಬರನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ನಾನು ನಲವತ್ತು ಮೀಟರ್ ತನಕ ಇಳಿದು, ಸೆಳವು ಎಳೆದಾಗ ಬಂಡೆ ಹಿಡಿದು ನೇತಾಡಿ, ನಗುತ್ತ ಮೇಲೆ ಬಂದವನು.

ಅಲ್ಲಿ ಇಳಿಯುವವರಿಗೆಲ್ಲ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠ ಒಂದೇ. ಕೆಳಗೆ ಯಾರಾದರೂ ಗಾಳಿ ಕೇಳಿದರೆ ಯಾರು, ಏನು ಎಂದು ನೋಡಬೇಡಿ... ಕೊಡಿ. ಅದಕ್ಕೆಂದೇ ಬಾಯಿಗಿಡುವ ಕೊಳವೆ ನಮ್ಮ ಬಳಿ ಎರಡು ಇರುತ್ತವೆ. ಒಂದು ನಮ್ಮ ಬಾಯಲ್ಲಿ, ಇನ್ನೊಂದು ಎದೆಯ ಬಲಗಡೆ ಸಿಕ್ಕಿಸಿರುವುದು, ಕೇಳಿದವರಿಗೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಆ ಆರು ವರ್ಷದಲ್ಲಿ ನನ್ನ ಜೊತೆ ಇಳಿದ ಒಬ್ಬರೂ ಸತ್ತಿಲ್ಲ, ಯಾರನ್ನೂ ನಾನು ಕೆಳಗೆ ಬಿಟ್ಟು ಬಂದಿಲ್ಲ. ಮುಂದೆ ಓದುವಾಗ ಹಾಗೇನಾದರೂ ಕಥೆ ಕಟ್ಟಿಕೊಳ್ಳಬೇಡಿ. ನಾನೂ ಕಟ್ಟಿ ನೋಡಿದ್ದೇನೆ, ಕೂಡಿ ಬರುವುದಿಲ್ಲ.

ಊರಿಗೆ ಮರಳುವಾಗ ಡೈವಿಂಗ್ ಸಾಮಾನೆಲ್ಲ ತಂದೆ. ಇಲ್ಲಿ ಅದಕ್ಕೂ ಕೆಲಸವಿತ್ತು. ಕೃಷ್ಣಾ ದಂಡೆಯುದ್ದಕ್ಕೂ ಕಬ್ಬು, ದ್ರಾಕ್ಷಿಗೆ ನೀರೆತ್ತುವ ಪೈಪುಗಳು ನದಿಗೆ ಇಳಿದಿವೆ. ಪೈಪಿನ ತುದಿಯ ಜಾಳಿಗೆಗೆ ಪ್ಲಾಸ್ಟಿಕ್ಕು, ಸೋಗೆ, ಜನ ಹೊಳೆಗೆ ಬಿಟ್ಟ ಹಳೇ ಸೀರೆ ಸುತ್ತಿಕೊಂಡರೆ ಮೋಟಾರು ನೀರೆಳೆಯುವುದಿಲ್ಲ. ಆಗ ಯಾರಾದರೂ ಮುಳುಗಿ ಬಿಡಿಸಬೇಕು.

ಮೊದಲಿಂದ ಆ ಕೆಲಸ ಮಾಡುತ್ತಿದ್ದವರು ನನ್ನ ಅಕ್ಕ ಶಾಂತಕ್ಕನ ಗಂಡ, ದತ್ತೂಮಾಮಾ. ನಾಲ್ಕು ಎಮ್ಮೆ ಸಾಕಿಕೊಂಡಿರುವವರು. ಐವತ್ತೆಂಟು ವಯಸ್ಸಾದರೂ ಸಿಲಿಂಡರ್ ಮುಟ್ಟಿದವರಲ್ಲ. ಸೊಂಟಕ್ಕೆ ಹಗ್ಗ, ಎದೆಯಲ್ಲಿ ಒಂದೇ ಉಸಿರು. ಎರಡು ನಿಮಿಷ, ಬಹಳವೆಂದರೆ ಎರಡೂವರೆ ನಿಮಿಷ ತಡೆಯುತ್ತಿದ್ದರು.

ಮುಳುಗುವವರಲ್ಲಿ ಒಂದು ಪದ್ಧತಿ ಇದೆ. ಮೇಲೆ ಹಗ್ಗ ಹಿಡಿದು ನಿಲ್ಲುವವನು ಹೆಂಡತಿಯ ತಮ್ಮನೋ ಅಣ್ಣನೋ ಆಗಿರಬೇಕು.

“ಖಾಸಾ ತಮ್ಮ ಹಿಡದ್ರ ಅಂವಗ ನಡುವ ಹೊಲದ ಪಾಲಿನ ನೆನಪ ಆದೀತು,” ಎಂದು ಮಾಮಾ ನಗುತ್ತಿದ್ದರು. “ಹೇಂತಿ ತಮ್ಮ ಹಂಗಲ್ಲ. ಅಕ್ಕನ ಕುಂಕುಮಾನ ಅಂವನ ಕೈಯಾಗ ಇರ್ತೈತಿ.”

ಹಗ್ಗ ಒಂದು ಸಲ ಜಗ್ಗಿದರೆ ಎಲ್ಲ ಸರಿ ಇದೆ ಎಂದು. ಎರಡು ಸಲ ಜಗ್ಗಿದರೆ ಸಡಿಲು ಬಿಡು. ಮೂರು ಸಲ ಜಗ್ಗಿದರೆ ಎಳೆ.

ಹೋದ ವರ್ಷ, ಶಿವರಾತ್ರಿ ಕಳೆದು ಹದಿನೈದು ದಿನವಾಗಿತ್ತು. ಕಾಗವಾಡದ ಕಡೆಯ ದೊಡ್ಡ ರೈತರು ಅಪ್ಪಾಸಾಹೇಬರು ಫೋನ್ ಮಾಡಿದರು. ನದಿ ತಿರುಗುವಲ್ಲಿ ಬೇಸಗೆಯಲ್ಲೂ ನಲವತ್ತು ಅಡಿ ನೀರು ನಿಲ್ಲುವ ಮಡು ಇದೆ, ಅವರ ಪೈಪು ಅದರೊಳಗೆ. ತ್ರೀ ಫೇಸ್ ಕರೆಂಟು ಬರುವುದು ರಾತ್ರಿ ಹತ್ತಕ್ಕೆ. ಅಷ್ಟರೊಳಗೆ ಜಾಳಿಗೆ ಬಿಡಿಸಿ ಕೊಡಬೇಕಿತ್ತು.

ನಾವಿಬ್ಬರೂ ತಲುಪಿದಾಗ ಏಳು ಗಂಟೆ. ಎಲ್ಲೋ ಕಬ್ಬಿನ ಒಣಗರಿ ಸುಟ್ಟ ವಾಸನೆ, ಮೋಟಾರಿನ ಗ್ರೀಸಿನ ವಾಸನೆ. ನೀರು ಕದಲುತ್ತಿರಲಿಲ್ಲ. ಮಾಮಾ ದಂಡೆಯಲ್ಲಿ ಕೂತು ಬಹಳ ಹೊತ್ತು ಮಡುವನ್ನೇ ನೋಡಿದರು.

“ಸುರೇಶಾ, ದೀಪಾ ಹಚ್ಚೂ ಹೊತ್ತಾತು. ಮುಂಜಾನಿ ಇಳಿಯೂಣು. ಹೊತ್ತ ಮುಳಗಿದ ಮ್ಯಾಲ ಈ ಮಡುವ ನನಗ ಸರಿ ಅನಸೂದಿಲ್ಲ.”

“ಏನ್ರಿ ಮಾಮಾ! ನಾ ನಡು ಸಮುದ್ರದಾಗ ನಲವತ್ತ ಮೀಟರ್ ಇಳದಾಂವ. ಇದು ಎಮ್ಮಿ ಮೈ ತೊಳ್ಯೂ ನೀರು.”

“ತುಂಬಿದ ಕೊಡ ತುಳಕೂದಿಲ್ಲೋ ತಮ್ಮಾ,” ಎಂದರು ಮಾಮಾ. ಅಪ್ಪಾಸಾಹೇಬರು ಮಾತ್ರ ನನ್ನ ಬೆನ್ನು ತಟ್ಟಿದರು. “ಶಾಬಾಸ್! ಇವತ್ತ ನೀರ ಹಾಯಿಸಲಿಲ್ಲಂದ್ರ ನನ್ನ ಪಾಳಿ ಮತ್ತ ಎಂಟ ದಿನಕ್ಕ ನೋಡ್ರಿ.”

ಆ ಶಾಬಾಸ್ ನನ್ನ ತಲೆಗೇರಿತು. ಮಾಮಾ ನನ್ನ ಸೊಂಟಕ್ಕೆ ಹಗ್ಗ ಕಟ್ಟಿದರು.

ಪೈಪು ಹಿಡಿದು ಇಳಿದೆ. ಟಾರ್ಚು ಇದ್ದೂ ಇಲ್ಲದ ಹಾಗೆ, ಸುತ್ತಲೂ ಚಹಾದಂಥ ನೀರು, ಚಾಚಿದ ಕೈ ನನಗೇ ಕಾಣುತ್ತಿರಲಿಲ್ಲ. ನನ್ನ ಉಸಿರಿನ ಗುಳ್ಳೆಗಳ ಬುಳುಬುಳು ಬಿಟ್ಟರೆ ಬೇರೆ ಸಪ್ಪಳವಿಲ್ಲ. ತಳಕ್ಕೆ ತಲುಪಿ ಜಾಳಿಗೆ ತಡವಿದೆ. ಬಟ್ಟೆ... ಮೂರು ನಾಲ್ಕು ಸೀರೆ ಬಿಗಿಯಾಗಿ ಸುತ್ತಿಕೊಂಡಿದ್ದವು. ಚಾಕುವಿನಿಂದ ಕೊಯ್ಯಲು ಶುರುಮಾಡಿದೆ.

ಸ್ವಲ್ಪ ಹೊತ್ತಿಗೆ ಬಟ್ಟೆ ಸಲೀಸಾಗಿ ಬರತೊಡಗಿತು. ಆ ಕಡೆಯಿಂದ ಯಾರೋ ಬಿಚ್ಚಿ ಬಿಚ್ಚಿ ಕೊಡುತ್ತಿರುವ ಹಾಗೆ. ನೀರಿನ ಸೆಳವು ಇರಬೇಕು ಎಂದುಕೊಂಡೆ.

ಆಮೇಲೆ ನನ್ನ ಎದೆಯ ಮೇಲೆ ಒಂದು ಕೈ ಬಂತು.

ಅದು ತಡಕಾಡಲಿಲ್ಲ. ನೇರವಾಗಿ ಎದೆಯ ಬಲಗಡೆಗೆ ಹೋಗಿ, ಅಲ್ಲಿ ಸಿಕ್ಕಿಸಿದ್ದ ಎರಡನೇ ಕೊಳವೆಯನ್ನು ಮುಟ್ಟಿತು. ಎರಡು ಸಲ ಮೆಲ್ಲಗೆ ತಟ್ಟಿತು. ಸುಮ್ಮನಾಯಿತು. ಮತ್ತೆ ಎರಡು ಸಲ ತಟ್ಟಿತು... ಕೇಳಿ ಪಡೆಯುವವರ ಹಾಗೆ.

ಮಾಮಾ ಇಳಿದು ಬಂದರೇನೋ ಎನ್ನಿಸಿತು. ಆದರೆ ಆ ಕೊಳವೆ ಎಲ್ಲಿರುತ್ತದೆಂದು ಮಾಮಾಗೆ ಗೊತ್ತಿಲ್ಲ. ಅದೇ ಹೊತ್ತಿಗೆ ಸೊಂಟದ ಹಗ್ಗ ಮೇಲಿನಿಂದ ಒಂದು ಸಲ ಜಗ್ಗಿತು. ಎಲ್ಲ ಸರಿ ಇದೆಯಾ ಎಂದು ಮಾಮಾ ದಂಡೆಯಿಂದ ಕೇಳುತ್ತಿದ್ದರು.

ನನ್ನ ಪಾಠ ನನಗೆ ಮರೆಯಿತು. ಆ ಕೈಯನ್ನು ಕಿತ್ತು ಒಗೆದೆ. ಅದು ಹಿಡಿಯಲಿಲ್ಲ, ಪರಚಲಿಲ್ಲ, ಮತ್ತೆ ಬಂದು ಎರಡು ಸಲ ತಟ್ಟಿತು, ಅಷ್ಟೇ. ಎರಡೂ ಕಾಲೆತ್ತಿ ಒದ್ದೆ. ಒದ್ದದ್ದು ಯಾರದೋ ಮೈಗೆ ತಾಗಿತು. ಹಗ್ಗವನ್ನು ಮೂರು ಸಲ ಜಗ್ಗಿದೆ.

ಮೇಲೆ ಬಂದಾಗ ಹಲ್ಲು ಕಟಕಟ ಅನ್ನುತ್ತಿದ್ದವು.

“ಏನಾತೋ? ಕೆಳಗ ಏನರೆ ಐತೇನು?” ಎಂದರು ಮಾಮಾ.

“ಏನೂ ಇಲ್ರಿ. ನೀರಿನ ಭಾರಕ್ಕ ಕಿವಿ ಹಿಡದಾವ. ಅರ್ಧಾ ಬಿಡಿಸೇನಿ.”

ಅರ್ಧ ತಾಸಿನ ಹಿಂದೆ ಎಮ್ಮೆ ತೊಳೆಯುವ ನೀರು ಎಂದವನು, ಈಗ ಅಪ್ಪಾಸಾಹೇಬರ ಮುಂದೆ ಹೆದರಿದೆ ಎಂದು ಹೇಗೆ ಹೇಳಲಿ? ಮಾಮಾ ಅಂಗಿ ಬಿಚ್ಚಿ, ನನ್ನ ಸೊಂಟದ ಹಗ್ಗವನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. “ಉಳದದ್ದ ನಾ ಮುಗಸ್ತೀನಿ. ಹಿಡಿ ಹಗ್ಗಾ.”

ಬ್ಯಾಡ್ರಿ ಮಾಮಾ ಎಂಬ ಮಾತು ಗಂಟಲ ತನಕ ಬಂದಿತ್ತು. ದೇವರಾಣೆ ಬಂದಿತ್ತು. ಆದರೆ ಅದು ಹೊರಗೆ ಬಂದರೆ ಯಾಕೆ ಎಂಬ ಪ್ರಶ್ನೆ ಬರುತ್ತಿತ್ತು. ನಾನು ಹಗ್ಗ ಹಿಡಿದೆ. ಮಾಮಾ ನೀರು ಮುಟ್ಟಿ ಹಣೆಗೆ ಹಚ್ಚಿಕೊಂಡು ಮುಳುಗಿದರು.

ಒಂದು ನಿಮಿಷಕ್ಕೆ ಒಂದು ಸಲ ಜಗ್ಗಿತು. ಎರಡನೇ ನಿಮಿಷಕ್ಕೆ ಮೂರು ಸಲ. ಎಳೆದೆ, ಬರಲಿಲ್ಲ. ಅಪ್ಪಾಸಾಹೇಬರೂ ಕೈಹಾಕಿ ಎಳೆದರು. ಹಗ್ಗ ಬಂಡೆಗೆ ಕಟ್ಟಿದ ಹಾಗೆ ನಿಂತಿತ್ತು.

“ಸಿಗಬಿದ್ದಾರಲೇ! ನಿನ್ನ ಬೆನ್ನಮ್ಯಾಲ ಗಾಳಿ ಐತಿ, ನೀ ಇಳಿ! ನಾ ಮಂದೀನ್ನ ಕರಕೊಂಡ ಬರ್ತೀನಿ!” ಎಂದು ಅಪ್ಪಾಸಾಹೇಬರು ಹೊಲದ ವಸ್ತಿಯ ಮನೆಗಳ ಕಡೆ ಓಡಿದರು.

ಹೌದು, ಬೆನ್ನ ಮೇಲೆ ಗಾಳಿ ಇತ್ತು. ಇಪ್ಪತ್ತು ನಿಮಿಷಕ್ಕೆ ಸಾಲುವಷ್ಟು. ಡೈವಿಂಗ್ ಕನ್ನಡಕ ಹಾಕಿಕೊಂಡೆ, ಕೊಳವೆ ಬಾಯಿಗಿಟ್ಟೆ, ಎದೆಮಟ್ಟ ನೀರಿಗೆ ಹೋದೆ. ಅಲ್ಲಿಗೆ ನಿಂತೆ.

ಹಗ್ಗ ಮೂರು ಸಲ ಜಗ್ಗಿತು... ಮತ್ತೆ ಮೂರು... ಆಮೇಲೆ ಬಲವಿಲ್ಲದ ಎರಡು. ನನಗೆ ಅಕ್ಕನ ಮುಖ ನೆನಪಾಯಿತು. ಅವಳ ಹಣೆ ನೆನಪಾಯಿತು. ಅಷ್ಟಾದರೂ ನನ್ನ ತಲೆ ನೀರಿನ ಕೆಳಗೆ ಹೋಗಲಿಲ್ಲ. ಆ ಕೈ ಕಾಯುತ್ತಿದೆ ಎಂದೇ ಅನ್ನಿಸುತ್ತಿತ್ತು. ಹಗ್ಗ ಜಗ್ಗುತ್ತ, ಅಳುತ್ತ ನಿಂತೆ. ಇದಕ್ಕಿಂತ ಹೊಲಸು ನಿಲುವು ಗಂಡಸಿಗೆ ಬೇರೊಂದಿಲ್ಲ.

ಕೈಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆಯಿತು. ಐದೂ ಕಳೆಯಿತು. ಮುಗಿಯಿತು ಎಂದುಕೊಂಡೆ.

ಆರನೇ ನಿಮಿಷಕ್ಕೆ ಹಗ್ಗ ಒಂದು ಸಲ ಜಗ್ಗಿತು.

ಒಂದೇ ಸಲ. ಸಮಾಧಾನವಾಗಿ. ಎಲ್ಲ ಸರಿ ಇದೆ ಎಂದು.

ಏಳನೇ ನಿಮಿಷಕ್ಕೂ ಹಾಗೇ ಆಯಿತು. ಎಂಟಕ್ಕೆ ಹಗ್ಗ ಸಡಿಲಾಯಿತು. ನನ್ನಿಂದ ಎರಡು ಮಾರು ದೂರದಲ್ಲಿ ಮಾಮಾನ ತಲೆ ಮೇಲೆ ಬಂತು. ಏದುಸಿರಿಲ್ಲ, ಕೆಮ್ಮಿಲ್ಲ. ಮಲಗಿ ಎದ್ದವರ ಹಾಗೆ ಉಸಿರಾಡುತ್ತ ಬಂದು ನನ್ನ ಹೆಗಲು ಹಿಡಿದರು.

ಅದೇ ಗಳಿಗೆಗೆ ಅಪ್ಪಾಸಾಹೇಬರು ಐದಾರು ಜನರನ್ನು ಕರೆದುಕೊಂಡು ಬ್ಯಾಟರಿ ಹಿಡಿದು ಬಂದರು. ಅವರಿಗೆ ಕಂಡದ್ದಿಷ್ಟು: ನಾನು ಕನ್ನಡಕ, ಸಿಲಿಂಡರ್ ಸಮೇತ ನೀರಿನಲ್ಲಿದ್ದೇನೆ, ಮಾಮಾ ನನ್ನ ಹೆಗಲು ಹಿಡಿದಿದ್ದಾರೆ.

“ವಾ ರೇ ವಾಘಾ! ಹುಲಿ ಅದಿ ನೀ!” ಎಂದು ಅವರು ಕೂಗಿದರು. “ಮಾಮಾನ ಜೀವಾ ಉಳಿಸಿದಲ್ಲೋ!”

ದಂಡೆಯಲ್ಲಿ ಕಂಬಳಿ ಹೊದ್ದು ಕೂತ ಮಾಮಾ ಹೇಳಿದ್ದು ಇದು. “ಸೀರಿ ಕಾಲಿಗೆ ಸುತಗೊಂಡಿತ್ತು. ಉಸರ ಮುಗದಿತ್ತು. ನನ್ನ ಬಾಯಾಗ ಪೈಪ್ ಬಂತು ನೋಡ್ರಿ... ಎರಡ ಉಸರ ನನಗ, ಎರಡ ಉಸರ ಅಂವಗ. ಪಾಳಿ ಹಚ್ಚಿಧಂಗ. ಸೀರಿನೂ ಅಂವನ ಬಿಡಿಸಿದಾ.” ನನ್ನ ಕಡೆ ತಿರುಗಿ, “ನಿನ್ನ ಪೈಪ್ ಉಪ್ಪುಪ್ಪ ಇತ್ತಲ್ಲೋ, ಯಾಕ?” ಎಂದರು.

ನನ್ನ ಕೊಳವೆ ಸಮುದ್ರ ಕಂಡು ಎರಡು ವರ್ಷವಾಗಿತ್ತು. ಪಾಳಿ ಹಚ್ಚುವ ಗರಜೂ ನನಗಿರಲಿಲ್ಲ, ನನ್ನ ಬಳಿ ಎರಡು ಕೊಳವೆ ಇದ್ದವು. ಒಂದೇ ಇದ್ದವರು ಮಾತ್ರ ಹಾಗೆ ಹಂಚಿಕೊಳ್ಳುತ್ತಾರೆ. ಮಾಮಾ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು “ಹೂಂ” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಗೆ ಹೋದಾಗ ಶಾಂತಕ್ಕ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ನನಗಿಂತ ಹತ್ತು ವರ್ಷ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿದವಳು, ಕಾಲಿಗೆ ಬೀಳಲು ಬಗ್ಗಿದಳು. ನಾನು ಹಾವು ಕಂಡವನ ಹಾಗೆ ಹಿಂದೆ ಸರಿದೆ. ಊರಲ್ಲಿ ಶಾಲು ಹೊದಿಸಿದರು. ಅಂದಿನಿಂದ ಅಕ್ಕನ ಮನೆಯಲ್ಲಿ ಮೊದಲ ಬಿಸಿ ರೊಟ್ಟಿ ನನ್ನ ತಾಟಿಗೆ ಬೀಳುತ್ತದೆ. ಒಂದು ವರ್ಷ ತಿಂದಿದ್ದೇನೆ.

ನಿನ್ನೆ ಸಂಜೆ ತಡೆಯಲಾಗದೆ ಹೋದೆ. ಮಾಮಾ ದನದ ಕೊಟ್ಟಿಗೆಯಲ್ಲಿ ಎಮ್ಮೆ ಹಿಂಡುತ್ತಿದ್ದರು.

“ಮಾಮಾ, ಆವತ್ತ ನಾ ಇಳದಿರಲಿಲ್ರಿ.”

ಹಾಲು ಚರಿಗೆಗೆ ಬೀಳುವ ಸಪ್ಪಳ ನಿಲ್ಲಲಿಲ್ಲ. “ಗೊತ್ತೈತಿ,” ಎಂದರು. “ಕೆಳಗಿದ್ದಾಗ ನೀನ ಅಂತ ತಿಳದಿದ್ನಿ. ದಂಡಿಗೆ ಬಂದ ಮ್ಯಾಲ ನಿನ್ನ ಮಾರಿ ನೋಡಿದ್ನಿ. ಆಮ್ಯಾಲ ಹಗ್ಗದ ನೆನಪಾತು. ಅದು ಮ್ಯಾಲಿಂದ ಜಗ್ಗಾಕ್ಹತ್ತಿತ್ತು, ಅಪ್ಪಾಸಾಹೇಬ್ರರೆ ಮಂದೀನ್ನ ಕರ್ಯಾಕ ಹೋಗಿದ್ರು. ಒಬ್ಬ ಮನಷ್ಯಾ ಎರಡ ಕಡೆ ಹೆಂಗ ಇರ್ತಾನ?”

“ಮತ್ತ ಮಂದಿ ಅಂದದ್ದಕ್ಕ ಒಂದ ವರ್ಷ ಯಾಕ ಸುಮ್ಮನಿದ್ರಿ?”

“ಏನ ಹೇಳ್ಲೋ ನಿಮ್ಮಕ್ಕಗ? ನಿನ್ನ ತಮ್ಮ ಎದಿಮಟ ನೀರಾಗ ನಿಂತು ನೋಡಿದಾ ಅಂತ ಹೇಳ್ಲ್ಯಾ?”

ಬೈದಿದ್ದರೆ, ಕಪಾಳಕ್ಕೆ ಬಾರಿಸಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ಮಾಮಾ ಚರಿಗೆ ಪಕ್ಕಕ್ಕಿಟ್ಟು ನನ್ನ ಹತ್ತಿರ ಬಂದರು. ದನಿ ತಗ್ಗಿಸಿದರು.

“ನನಗ ಉಸರ ಕೊಟ್ಟಾಂವ ಯಾರೋ ಗೊತ್ತಿಲ್ಲ. ದಿನಾ ಕೈ ಮುಗೀತೇನಿ. ನನಕಿಂತ ಮೊದಲ ನೀ ಇಳದಿದ್ದಿ. ಖರೇ ಹೇಳು, ನಿನಗ ಅಲ್ಲಿ ಯಾರರೆ ಸಿಕ್ಕಿದ್ರೇನು?”

ಹೇಳಲಿಕ್ಕೆಂದೇ ಹೋಗಿದ್ದೆ. ಹೇಳಬೇಕಾದ ಅರ್ಧ ಅದೇ ಆಗಿತ್ತು.

“ಇಲ್ರಿ ಮಾಮಾ. ಯಾರೂ ಸಿಗಲಿಲ್ಲ,” ಎಂದೆ.

ಮಾಮಾ ನಿಟ್ಟುಸಿರು ಬಿಟ್ಟರು. “ಹಂಗಾರ ನನ್ನ ಸಲುವಾಗೇನ ಬಂದಾಂವ. ದೇವರಂಥಾಂವ,” ಎಂದರು. ಆಮೇಲೆ ಮಾಮೂಲಿ ದನಿಯಲ್ಲಿ, “ಅಪ್ಪಾಸಾಹೇಬ್ರ ಫೋನ್ ಬಂದಿತ್ತು. ಅದ ಮಡುವು. ನಾಳೆ ಮುಂಜಾನಿ ಆರಕ್ಕ ಇಳೀತೇನಿ. ಈಗ ನನಗ ಹೆದರಿಕಿ ಇಲ್ಲ. ಹಗ್ಗಾ ನೀನ ಹಿಡಿ,” ಎಂದು ಹಾಲು ತೆಗೆದುಕೊಂಡು ಒಳಗೆ ಹೋದರು.

ಈಗ ಅದೇ ನಾಳೆ ಬೆಳಗಾಗಲು ಬಂದಿದೆ, ನಾಲ್ಕು ಗಂಟೆ. ಅಲ್ಲಿರುವವನು ಕೊಡುವವನು ಎಂದಷ್ಟೇ ಮಾಮಾಗೆ ಗೊತ್ತು. ಅವನು ಕೇಳುವವನೂ ಹೌದು ಎಂಬುದು, ಕೇಳಿದಾಗ ನಾನು ಅವನನ್ನು ಒದ್ದು ಬಂದೆ ಎಂಬುದು ಗೊತ್ತಿಲ್ಲ. ಒದೆ ತಿಂದವನು ಅವತ್ತು ಮಾಮಾನನ್ನು ಜೀವಂತ ಬಿಟ್ಟ. ಇವತ್ತೂ ಬಿಡುತ್ತಾನೆ ಎಂದು ನಾನು ಹೇಗೆ ಹೇಳಲಿ? ಫೋನ್ ಕೈಯಲ್ಲೇ ಇದೆ. ಮಾಮಾ ಎಮ್ಮೆಗೆ ಹೊಟ್ಟು ಹಾಕಲು ಎದ್ದಿರುತ್ತಾರೆ. ನಾನು ಇನ್ನೂ ಫೋನ್ ಮಾಡಿಲ್ಲ.